ಮಕ್ಕಳ ಕಾಟಕ್ಕೆ ಹುಟ್ಟಿದ ಆಗಮನ ಕಾಲದ ದೀಪ

ಆಗಮನ ಕಾಲ ಬಂತೆಂದರೆ ಚರ್ಚ್‌ಗಳಲ್ಲಿ ಹಸಿರೆಲೆ ಸುತ್ತಿದ ಚಕ್ರದಲ್ಲಿ ವಾರಕ್ಕೊಂದು ಮೇಣದಬತ್ತಿ ಹಚ್ಚುತ್ತಾರಲ್ಲ, ಅದನ್ನು ಶುರುಮಾಡಿದ್ದು ಜರ್ಮನಿಯ ದೇವಶಾಸ್ತ್ರಜ್ಞ ಯೋಹಾನ್ ಹಿನ್ರಿಖ್ ವಿಖರ್ನ್.

1808ರಲ್ಲಿ ಹ್ಯಾಂಬರ್ಗ್‌ನಲ್ಲಿ ಹುಟ್ಟಿದ ವಿಖರ್ನ್ 15ನೇ ವಯಸ್ಸಿಗೇ ತಂದೆಯನ್ನು ಕಳೆದುಕೊಂಡು, ಪಾಠ ಹೇಳಿ ಮನೆಮಂದಿಗೆ ಆಸರೆಯಾದರು. ದೇವಶಾಸ್ತ್ರ ಓದಿ ಬಂದು ಸಂಡೇ ಸ್ಕೂಲ್‌ನಲ್ಲಿ ಕಲಿಸುವಾಗ ಬಡವರ ಕೇರಿಗಳನ್ನು ಹತ್ತಿರದಿಂದ ಕಂಡರು. 1833ರಲ್ಲಿ ದಿಕ್ಕಿಲ್ಲದ ಮಕ್ಕಳಿಗಾಗಿ 'ರೌಹೆಸ್ ಹೌಸ್' ತೆರೆದರು. ಅಲ್ಲಿ ಮಕ್ಕಳನ್ನು ಕೂಡಿಹಾಕುತ್ತಿರಲಿಲ್ಲ. ಸಣ್ಣ ಗುಂಪು ಮಾಡಿ ಒಂದೇ ಮನೆಯವರಂತೆ ಬೆಳೆಸುತ್ತಿದ್ದರು.

ಕ್ರಿಸ್ಮಸ್ ಯಾವಾಗ, ಯಾವಾಗ ಅಂತ ಮಕ್ಕಳದು ದಿನವೂ ಒಂದೇ ಕಾಟವಂತೆ. 1839ರಲ್ಲಿ ವಿಖರ್ನ್ ಒಂದು ಮರದ ಚಕ್ರದ ಮೇಲೆ ಭಾನುವಾರಗಳಿಗೆ ನಾಲ್ಕು ದೊಡ್ಡ ಬಿಳಿ ಬತ್ತಿ, ಉಳಿದ ದಿನಗಳಿಗೆ ಸಣ್ಣ ಕೆಂಪು ಬತ್ತಿ ಇಟ್ಟರು. ಪ್ರಾರ್ಥನೆಯ ಹೊತ್ತಿಗೆ ದಿನಕ್ಕೊಂದು ಹೊಸ ಬತ್ತಿ. ಮನಸ್ಸು ಸಿದ್ಧಮಾಡಿಕೊಳ್ಳಿ ಅಂತ ಬೀದಿಯಲ್ಲಿ ಬೆಳೆದ ಮಕ್ಕಳಿಗೆ ಉಪದೇಶ ಮಾಡಿದ್ರೆ ಎಷ್ಟು ತಲೆಗೆ ಹೋಗ್ತಿತ್ತೋ! ಬೆಳಕು ದಿನೇ ದಿನೇ ಹೆಚ್ಚುವುದು ಮಾತ್ರ ಕಣ್ಣಿಗೇ ಕಾಣುತ್ತಿತ್ತು.

1848ರಲ್ಲಿ ವಿಟೆನ್‌ಬರ್ಗ್ ಸಭೆಯಲ್ಲಿ ಬಡವರ ಸೇವೆಯೂ ಚರ್ಚಿನದೇ ಕೆಲಸ ಎಂದು ವಾದಿಸಿ 'ಇನ್ನರ್ ಮಿಷನ್'ಗೆ ದಾರಿ ಮಾಡಿದರು. ತೀರಿಕೊಂಡದ್ದು 1881ರಲ್ಲಿ. ಹಸಿರೆಲೆ, ನಾಲ್ಕೇ ಬತ್ತಿ ಇವೆಲ್ಲ ಆಮೇಲೆ ಬಂದ ರೂಢಿ. ರೌಹೆಸ್ ಹೌಸ್ ಹ್ಯಾಂಬರ್ಗ್‌ನಲ್ಲಿ ಈಗಲೂ ನಡೆಯುತ್ತಿದೆ.