ಗಣಿತಜ್ಞ ಕೊಲ್ಮೊಗೊರೊವ್

ತುಂಬಿ ಹರಿಯುವ ಹೊಳೆಯಲ್ಲಿ ಸುಳಿಗಳು ಏಳುವುದನ್ನೂ ಅಳಿಯುವುದನ್ನೂ ಎಲ್ಲರೂ ಕಂಡಿದ್ದಾರೆ. ಮರುಕ್ಷಣ ಯಾವ ಸುಳಿ ಎಲ್ಲಿ ಏಳುವುದೆಂದು ಹೇಳಬಲ್ಲವರಿಲ್ಲ. ಈ ಗೊಂದಲದ ಒಡಲಿನಲ್ಲಿಯೂ ನಿಯಮವೊಂದು ಅಡಗಿದೆಯೆಂದು ತೋರಿಸಿಕೊಟ್ಟ ಮಹನೀಯರು ರಷ್ಯಾದೇಶದ ಆಂದ್ರೇ ನಿಕೊಲಾಯೆವಿಚ್ ಕೊಲ್ಮೊಗೊರೊವ್.

ಅವರು 1903ರ ಏಪ್ರಿಲ್ 25ರಂದು ತಾಂಬೋವ್ ನಗರದಲ್ಲಿ ಜನಿಸಿದರು. ಹೆರಿಗೆಯಲ್ಲಿಯೇ ತಾಯಿ ತೀರಿಕೊಂಡರು. ತಾಯಿಯ ಸಹೋದರಿ ವೇರಾ ಎಂಬ ಸಾಧ್ವಿ ತಬ್ಬಲಿ ಮಗುವನ್ನು ಸ್ವಂತ ಮಗನಂತೆ ಸಾಕಿ ಸಲಹಿದರು. 1ರಿಂದ ಮೊದಲ್ಗೊಂಡು ಬೆಸಸಂಖ್ಯೆಗಳನ್ನು ಕ್ರಮವಾಗಿ ಕೂಡುತ್ತ ಹೋದರೆ 4, 9, 16 ಎಂಬ ವರ್ಗಸಂಖ್ಯೆಗಳೇ ದೊರೆಯುವವೆಂಬುದು ಆ ಬಾಲಕನಿಗೆ ಎಳವೆಯಲ್ಲಿಯೇ ತಾನಾಗಿ ಹೊಳೆಯಿತು. 1920ರಲ್ಲಿ ಮಾಸ್ಕೋ ವಿಶ್ವವಿದ್ಯಾನಿಲಯವನ್ನು ಸೇರಿದ ಕೊಲ್ಮೊಗೊರೊವ್‌ರವರು 1933ರಲ್ಲಿ ಪ್ರಕಟಿಸಿದ ಗ್ರಂಥವು ಸಂಭವನೀಯತಾ ಶಾಸ್ತ್ರಕ್ಕೆ ಭದ್ರವಾದ ಬುನಾದಿಯನ್ನು ಹಾಕಿತು.

ಪ್ರಕ್ಷುಬ್ಧ ಪ್ರವಾಹದಲ್ಲಿ ದೊಡ್ಡ ಸುಳಿಗಳು ಒಡೆದು ಚಿಕ್ಕವಾಗುತ್ತವೆ. ಶಕ್ತಿಯು ಹಿರಿದರಿಂದ ಕಿರಿದಕ್ಕೆ ಇಳಿಯುತ್ತ ಬಂದು ಕೊನೆಗೆ ದ್ರವದ ಸ್ನಿಗ್ಧತೆಯಿಂದ ಶಾಖವಾಗಿ ಕರಗುತ್ತದೆ. ಆಂಗ್ಲ ವಿಜ್ಞಾನಿ ರಿಚರ್ಡ್‌ಸನ್‌ರವರು 1922ರಲ್ಲಿ ಸೂಚಿಸಿದ್ದ ಈ ಚಿತ್ರಕ್ಕೆ ಕೊಲ್ಮೊಗೊರೊವ್‌ರವರು 1941ರಲ್ಲಿ ಗಣಿತದ ರೂಪವನ್ನಿತ್ತರು. ಒಂದೊಂದು ಕಣದ ಹಾದಿಯನ್ನು ಬೆನ್ನಟ್ಟದೆ, ವೇಗವನ್ನು ಯಾದೃಚ್ಛಿಕ ರಾಶಿಯೆಂದು ಭಾವಿಸಿ ಅದರ ಸರಾಸರಿಗಳನ್ನು ಅರಸಿದರು. ಎರಡು ಬಿಂದುಗಳ ವೇಗಗಳ ವ್ಯತ್ಯಾಸದ ವರ್ಗದ ಸರಾಸರಿಯು ಅವುಗಳ ಅಂತರದ ಮೂರನೆಯ ಎರಡರ ಘಾತಕ್ಕೆ ಅನುಪಾತದಲ್ಲಿರುತ್ತದೆ. ಅಂತರವು 8 ಪಟ್ಟಾದರೆ ಆ ಸರಾಸರಿಯು 4 ಪಟ್ಟಾಗುತ್ತದೆ. ಅತಿ ದೊಡ್ಡ ಹಾಗೂ ಅತಿ ಚಿಕ್ಕ ಸುಳಿಗಳನ್ನು ಬಿಟ್ಟು ನಡುವಣ ಗಾತ್ರಗಳಿಗೆ ಈ ನಿಯಮವು ಅನ್ವಯಿಸುತ್ತದೆ.

ಆದರೆ ಶಕ್ತಿಯು ಎಲ್ಲೆಡೆಯೂ ಸಮನಾಗಿ ಕರಗುವುದಿಲ್ಲ, ಕೆಲವೆಡೆ ತೀವ್ರವಾಗಿಯೂ ಕೆಲವೆಡೆ ಮಂದವಾಗಿಯೂ ಕರಗುತ್ತದೆ ಎಂಬ ಆಕ್ಷೇಪವನ್ನು ಭೌತವಿಜ್ಞಾನಿ ಲಾಂಡೌ ಎತ್ತಿದರು. ಜಗತ್ತೇ ಮನ್ನಿಸಿದ ಸ್ವಂತ ಸಿದ್ಧಾಂತವನ್ನು ಕೊಲ್ಮೊಗೊರೊವ್‌ರವರು ಹಟದಿಂದ ಸಮರ್ಥಿಸುತ್ತ ಕೂರಲಿಲ್ಲ. 1962ರಲ್ಲಿ ಲಾಂಡೌರವರ ಹೆಸರನ್ನು ಸ್ಮರಿಸಿಯೇ ಅದನ್ನು ತಿದ್ದಿ ಪ್ರಕಟಿಸಿದರು. ಎಪ್ಪತ್ತರ ಹತ್ತಿರದ ವಯಸ್ಸಿನಲ್ಲಿಯೂ ಸಂಶೋಧನಾ ನೌಕೆಯನ್ನೇರಿ ಸಾಗರದ ಪ್ರಕ್ಷುಬ್ಧತೆಯ ಅಧ್ಯಯನಕ್ಕೆ ತೆರಳಿದರು.

1963ರಲ್ಲಿ ಪ್ರತಿಭಾವಂತ ಮಕ್ಕಳಿಗಾಗಿ ಮಾಸ್ಕೋದಲ್ಲಿ ವಸತಿಶಾಲೆಯೊಂದನ್ನು ಸ್ಥಾಪಿಸಲು ಕಾರಣರಾಗಿ, ಅಲ್ಲಿ ತಾವೇ ಪಾಠ ಹೇಳಿದರು. 1987ರ ಅಕ್ಟೋಬರ್ 20ರಂದು ಇಹಲೋಕವನ್ನು ತ್ಯಜಿಸಿದರು. ನಿಯಮವನ್ನು ಕಂಡುಹಿಡಿಯುವ ಪ್ರತಿಭೆ ಕೆಲವರಿಗೆ ಮಾತ್ರ ಒಲಿದೀತು. ಕಂಡುದನ್ನು ಸತ್ಯದ ಮುಂದಿರಿಸಿ ತಿದ್ದಿಕೊಳ್ಳುವ ವಿನಯವನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ರೂಢಿಸಿಕೊಳ್ಳಬಹುದು.