ಬಾಲ್ಯದಲ್ಲಿ ಮೂಳೆ ಮುರಿದರೆ ಎತ್ತರ ಬೆಳೆಯುವುದು ನಿಲ್ಲುತ್ತದೆಯೇ? ಚಿತ್ರಕಾರ ಲೊಟ್ರೆಕ್ ಬದುಕು ಹೇಳುವುದೇನು?

ಮಗುವಿನ ಕಾಲು ಮುರಿದರೆ ಆ ಕಾಲು ಮುಂದೆ ಬೆಳೆಯುವುದೇ ಇಲ್ಲ ಎಂಬ ಮಾತನ್ನು ನೀವೂ ಕೇಳಿರಬಹುದು. ಇದಕ್ಕೆ ಸಾಕ್ಷಿಯಾಗಿ ಫ್ರಾನ್ಸಿನ ಪ್ರಸಿದ್ಧ ಚಿತ್ರಕಾರ ಆನ್ರಿ ದ ಟುಲೂಸ್ ಲೊಟ್ರೆಕ್ ಅವರ ಕಥೆ ಹೇಳುವುದುಂಟು. ನಿಜ ಏನು? ನಾವು ಅವರ ಬದುಕನ್ನೇ ಪರಿಶೀಲಿಸಿದೆವು.

ಲೊಟ್ರೆಕ್ ಹುಟ್ಟಿದ್ದು 1864ರಲ್ಲಿ, ಆಲ್ಬಿ ಎಂಬ ಊರಿನ ಸಿರಿವಂತ ಮನೆತನದಲ್ಲಿ. ತಂದೆಯ ತಾಯಿ, ತಾಯಿಯ ತಾಯಿ ಇಬ್ಬರೂ ಅಕ್ಕತಂಗಿಯರು. 1878ರಲ್ಲಿ, 13ನೇ ವಯಸ್ಸಿಗೆ, ಕುರ್ಚಿಯಿಂದ ಏಳುವಾಗ ಜಾರಿ ಬಿದ್ದು ಎಡತೊಡೆಯ ಮೂಳೆ ಮುರಿಯಿತು. ಮರುವರ್ಷ ನಡೆಯುವಾಗ ಸಣ್ಣ ತಗ್ಗಿಗೆ ಬಿದ್ದು ಬಲತೊಡೆಯದೂ ಮುರಿಯಿತು. ಎಕ್ಸ್‌ರೇ ಪತ್ತೆಯಾಗಿದ್ದೇ 1895ರಲ್ಲಿ. ಹಾಗಾಗಿ ಒಳಗೆ ಏನಾಗಿದೆ ಎಂದು ನೋಡುವ ದಾರಿ ಆಗ ಇರಲಿಲ್ಲ.

ಮೈ ಬೆಳೆಯಿತು, ಕಾಲು ಬೆಳೆಯಲಿಲ್ಲ. ಎತ್ತರ ಸುಮಾರು 5 ಅಡಿಗೆ ನಿಂತಿತು. ಹಾಸಿಗೆಯಲ್ಲಿದ್ದಾಗ ಹಿಡಿದ ಪೆನ್ಸಿಲನ್ನು ಅವರು ಬಿಡಲಿಲ್ಲ. ಪ್ಯಾರಿಸ್‌ಗೆ ಹೋಗಿ ಚಿತ್ರಕಲೆ ಕಲಿತರು. 1891ರಲ್ಲಿ ಮುಲಾ ರೂಜ್ ನೃತ್ಯಶಾಲೆಗೆ ಮಾಡಿದ ಪೋಸ್ಟರ್ ಅವರಿಗೆ ಹೆಸರು ತಂದಿತು. ಕುಡಿತ ಆರೋಗ್ಯ ಕೆಡಿಸಿತು. 1901ರಲ್ಲಿ, ಕೇವಲ 36ನೇ ವಯಸ್ಸಿನಲ್ಲಿ ತೀರಿಕೊಂಡರು.

ಹಾಗಾದರೆ ಬಿದ್ದದ್ದೇ ಕಾರಣವೇ?

ಮಕ್ಕಳ ಉದ್ದ ಮೂಳೆಗಳ ತುದಿಯ ಹತ್ತಿರ ಮೃದ್ವಸ್ಥಿಯ ತೆಳು ಪದರ ಇರುತ್ತದೆ. ಇದೇ ಬೆಳವಣಿಗೆ ಫಲಕ. ಮೂಳೆ ಉದ್ದವಾಗುವುದು ಇಲ್ಲಿಂದ. ತೊಡೆಮೂಳೆಯ ನಡುಭಾಗ ಮುರಿದರೆ ಈ ಫಲಕಕ್ಕೆ ಪೆಟ್ಟು ಬೀಳುವುದು ಅಪರೂಪ. ಚಿಕ್ಕ ಮಕ್ಕಳಲ್ಲಿ ಹಾಗೆ ಮುರಿದ ಕಾಲು ಸುಮಾರು 1 ಸೆಂ.ಮೀ. ಹೆಚ್ಚೇ ಬೆಳೆಯುವುದುಂಟು!

1965ರಲ್ಲಿ ಫ್ರಾನ್ಸಿನ ವೈದ್ಯರಾದ ಮಾರೊಟೊ ಮತ್ತು ಲಾಮಿ ಬೇರೆಯೇ ಕಾರಣ ಮುಂದಿಟ್ಟರು. ಅದು ಪಿಕ್ನೋಡೈಸೋಸ್ಟೋಸಿಸ್ ಎಂಬ ವಂಶವಾಹಿ ಕಾಯಿಲೆ. ಇದರಲ್ಲಿ ಮೂಳೆ ಗಟ್ಟಿಯಾಗಿ ಕಂಡರೂ ಬೇಗ ಮುರಿಯುತ್ತದೆ, ಎತ್ತರವೂ ಕಡಿಮೆ. ಅಂದರೆ ಮುರಿತ ಮತ್ತು ಕುಳ್ಳತನ ಎರಡಕ್ಕೂ ಒಂದೇ ಮೂಲ. ಅವರ ಡಿಎನ್‌ಎ ಪರೀಕ್ಷೆ ಆಗಿಲ್ಲ, ಆದ್ದರಿಂದ ಇದು ಊಹೆಯೇ. ಆದರೂ ತಜ್ಞರು ಹೆಚ್ಚಾಗಿ ಒಪ್ಪುವುದು ವಂಶವಾಹಿ ಕಾರಣವನ್ನೇ.

ನಮ್ಮಲ್ಲಿ ಅಕ್ಕತಂಗಿಯರ ಮಕ್ಕಳು ಅಣ್ಣತಂಗಿಯರು, ಮದುವೆಯ ಮಾತೇ ಇಲ್ಲ. ಅತ್ತೆ ಮಗ, ಸೋದರಮಾವನ ಮಗಳಾದರೆ ನಡೆಯುತ್ತದೆ. ಆದರೆ ರಕ್ತದ ಲೆಕ್ಕದಲ್ಲಿ ಎರಡೂ ಅಷ್ಟೇ ಹತ್ತಿರ. ಇಂಥ ಕಾಯಿಲೆಯ ದೋಷಯುಕ್ತ ಜೀನ್ ಗಂಡಹೆಂಡತಿ ಇಬ್ಬರಲ್ಲೂ ಇದ್ದರೆ ಪ್ರತಿ ಮಗುವಿಗೂ ಕಾಯಿಲೆ ಬರುವ ಸಾಧ್ಯತೆ 4ರಲ್ಲಿ 1.

ಫಲಕಕ್ಕೇ ಪೆಟ್ಟಾದರೆ?

ಬಹುತೇಕ ಪೆಟ್ಟುಗಳು ಕೆಲವೇ ವಾರಗಳಲ್ಲಿ ಚೆನ್ನಾಗಿ ಕೂಡಿಕೊಳ್ಳುತ್ತವೆ. ಫಲಕ ಜಜ್ಜಿ ಹೋದರೆ ಅಥವಾ ಸೀಳಿ ಸರಿಯಾಗಿ ಕೂಡದಿದ್ದರೆ ಮಾತ್ರ ಅಲ್ಲಿ ಮೂಳೆಯ ಸೇತುವೆ ಬೆಳೆದು ಕಾಲು ಗಿಡ್ಡ ಅಥವಾ ಸೊಟ್ಟ ಆಗಬಹುದು. ತಡವಾಗಿ ಎಳೆದು ತಿಕ್ಕಿ ಕೂಡಿಸಲು ಹೋದರೆ ಫಲಕಕ್ಕೆ ಇನ್ನಷ್ಟು ಹಾನಿ.

ತಿಕೋಟಾ, ಬಬಲೇಶ್ವರದ ಕಡೆ ಮಗು ಬಿದ್ದು ಕೀಲಿನ ಹತ್ತಿರ ಬಾವು ಬಂದರೆ ನಾಟಿ ಪಟ್ಟಿ ಕಟ್ಟಿಸಿ ಕಾಯಬೇಡಿ. ವಿಜಯಪುರದ ಸೊಲ್ಲಾಪುರ ರಸ್ತೆಯಲ್ಲಿ ವೈದ್ಯಕೀಯ ಕಾಲೇಜು ಆಸ್ಪತ್ರೆಯೇ ಇದೆ. ಅವತ್ತೇ ಎಕ್ಸ್‌ರೇ ಮಾಡಿಸಿ. ಪಟ್ಟಿ ಬಿಚ್ಚಿದ ಮೇಲೂ ವೈದ್ಯರು ಹೇಳಿದಷ್ಟು ಕಾಲ ತೋರಿಸಿ.

ನಮ್ಮ ತೀರ್ಮಾನ: ಮೂಳೆ ಮುರಿದ ಮಾತ್ರಕ್ಕೆ ಬೆಳವಣಿಗೆ ನಿಲ್ಲುತ್ತದೆ ಎಂಬುದು ತಪ್ಪು. ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ.