ಹಾಸಿಗೆಯಿಂದಲೇ ಆಸ್ಪತ್ರೆಗಳನ್ನು ತಿದ್ದಿದ ದೀಪಧಾರಿಣಿ

ಕೈಯಲ್ಲಿ ದೀಪ ಹಿಡಿದು ರಾತ್ರಿ ವೇಳೆ ಗಾಯಾಳು ಸೈನಿಕರ ನಡುವೆ ಸಂಚರಿಸುವ ಫ್ಲಾರೆನ್ಸ್ ನೈಟಿಂಗೇಲ್ ಅವರ ಚಿತ್ರ ನಮ್ಮಲ್ಲಿ ಬಹುತೇಕರಿಗೆ ಪರಿಚಿತ. ಆದರೆ ಆ ಸಂಚಾರ ಎರಡು ವರ್ಷವೂ ನಡೆಯಲಿಲ್ಲ. ನಂತರದ ಹಲವು ದಶಕಗಳನ್ನು ಅವರು ಬಹುಮಟ್ಟಿಗೆ ಹಾಸಿಗೆ ಹಾಗೂ ಸೋಫಾದ ಮೇಲೆಯೇ ಕಳೆದರು ಎಂಬ ಸಂಗತಿ ಅನೇಕರಿಗೆ ತಿಳಿದಿಲ್ಲ.

ಇಟಲಿಯ ಫ್ಲಾರೆನ್ಸ್ ನಗರದಲ್ಲಿ 1820ರ ಮೇ 12ರಂದು ಸಿರಿವಂತ ಇಂಗ್ಲಿಷ್ ಕುಟುಂಬದಲ್ಲಿ ಜನಿಸಿದ ಅವರಿಗೆ ಹುಟ್ಟೂರಿನ ಹೆಸರನ್ನೇ ಇಡಲಾಯಿತು. ಶುಶ್ರೂಷೆಯ ವೃತ್ತಿ ಆಗ ಮನೆತನಸ್ಥರಿಗೆ ತಕ್ಕುದಲ್ಲ ಎನಿಸಿತ್ತು. ಮನೆಯವರ ವಿರೋಧವನ್ನು ಮೀರಿ ಆ ಹಾದಿ ಹಿಡಿದ ಅವರು, ಕ್ರಿಮಿಯಾ ಯುದ್ಧದ ಸಂದರ್ಭದಲ್ಲಿ, 1854ರ ನವೆಂಬರ್‌ನಲ್ಲಿ, 38 ಮಂದಿ ದಾದಿಯರೊಡನೆ ಇಂದಿನ ಇಸ್ತಾಂಬುಲ್‌ಗೆ ಸೇರಿದ ಸ್ಕುಟಾರಿಯ ಸೇನಾ ಆಸ್ಪತ್ರೆಗೆ ಬಂದಿಳಿದರು. ಮರುವರ್ಷ ಮೇ ತಿಂಗಳಲ್ಲಿ ಬಾಲಕ್ಲಾವಾಕ್ಕೆ ಹೋದಾಗ ತೀವ್ರ ಜ್ವರಕ್ಕೆ ತುತ್ತಾಗಿ ಸಾವಿನಂಚಿಗೆ ತಲುಪಿದರು. ಅದು ಬ್ರುಸೆಲ್ಲೋಸಿಸ್ ಇದ್ದಿರಬೇಕೆಂಬ ವಾದ 1995ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು.

ಜ್ವರ ಇಳಿದರೂ ದೇಹ ಮೊದಲಿನಂತಾಗಲಿಲ್ಲ. 1857ರ ಆಗಸ್ಟ್‌ನಲ್ಲಿ, 37ರ ವಯಸ್ಸಿನಲ್ಲಿ, ಅವರು ಕುಸಿದುಬಿದ್ದರು. ಎದೆಬಡಿತ, ಉಸಿರಾಟದ ತೊಂದರೆ, ತಲೆಸುತ್ತು, ವಿಪರೀತ ನಿತ್ರಾಣ ಪದೇ ಪದೇ ಕಾಡಿದವು. 1861ರ ಬಳಿಕ ಬೆನ್ನುನೋವು ಸೇರಿ, ಕೆಲವು ವರ್ಷ ನಡೆದಾಡುವುದೇ ಅಸಾಧ್ಯವಾಯಿತು.

ಆದರೂ ಲೇಖನಿ ನಿಲ್ಲಲಿಲ್ಲ. 1858ರಲ್ಲಿ ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘದ ಪ್ರಥಮ ಮಹಿಳಾ ಸದಸ್ಯೆಯಾದರು. 1859ರಲ್ಲಿ ಶುಶ್ರೂಷೆ ಕುರಿತ ಅವರ ಪ್ರಸಿದ್ಧ ಗ್ರಂಥ ಹೊರಬಂತು. 1860ರಲ್ಲಿ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅವರ ಹೆಸರಿನ ದಾದಿಯರ ತರಬೇತಿ ಶಾಲೆ ಆರಂಭವಾಯಿತು. ಭಾರತಕ್ಕೆ ಒಮ್ಮೆಯೂ ಬಾರದ ಅವರು, ಇಲ್ಲಿನ ಸೇನಾ ಶಿಬಿರಗಳ ನೀರು, ಚರಂಡಿ, ಸಾವುಗಳ ಲೆಕ್ಕ ತರಿಸಿಕೊಂಡು 1863ರ ರಾಯಲ್ ಆಯೋಗದ ವರದಿಗೆ ಆಧಾರ ಒದಗಿಸಿದರು. ಭೇಟಿಗೆ ಬಂದವರನ್ನು ಒಬ್ಬೊಬ್ಬರನ್ನಾಗಿ, ನಿಗದಿತ ವೇಳೆಗಷ್ಟೇ ಬರಮಾಡಿಕೊಳ್ಳುತ್ತಿದ್ದರು. ಇರುವಷ್ಟು ಶಕ್ತಿಯನ್ನು ಅಳೆದು ಬಳಸುವ ಈ ಕ್ರಮವೇ ಮುಂದೆ ಅವರ ಮೇಲಿನ ಆಪಾದನೆಗೂ ಕಾರಣವಾಯಿತು. ಅವರ ಕಾಯಿಲೆ ಮನೋವಿಕಾರ, ಜನರನ್ನು ದೂರವಿಡುವ ನೆಪ ಎಂದು ಕೆಲವು ಜೀವನಚರಿತ್ರಕಾರರು ಬರೆದರು.

ಇದೇ ಅನುಮಾನವನ್ನು ಎದುರಿಸುತ್ತಿರುವವರು ಕ್ರಾನಿಕ್ ಫಟೀಗ್ ಸಿಂಡ್ರೋಮ್ ಎಂಬ ದೀರ್ಘಕಾಲದ ಬಳಲಿಕೆಯ ರೋಗಿಗಳು. 1992ರಿಂದ ಈ ರೋಗದ ಜಾಗೃತಿ ದಿನವನ್ನು ನೈಟಿಂಗೇಲ್ ಅವರ ಜನ್ಮದಿನದಂದೇ ಆಚರಿಸಲಾಗುತ್ತಿದೆ. ಅವರಿಗಿದ್ದದ್ದು ಇದೇ ರೋಗವೆಂದು ಈಗ ಸಾಧಿಸಲಾಗದು. ಆದರೆ ನಿಲ್ಲಲಾಗದ ಸ್ಥಿತಿಗೆ ದೈಹಿಕ ಕಾರಣವಿದೆ ಎಂಬುದಕ್ಕೆ ಇಂದು ಪುರಾವೆಯಿದೆ.

ನಾವು ಎದ್ದು ನಿಂತೊಡನೆ ಅರ್ಧ ಲೀಟರಿಗೂ ಮಿಕ್ಕ ರಕ್ತ ಕಾಲು ಮತ್ತು ಹೊಟ್ಟೆಯ ಭಾಗಕ್ಕೆ ಇಳಿಯುತ್ತದೆ. ಆರೋಗ್ಯವಂತರಲ್ಲಿ ರಕ್ತನಾಳಗಳು ಸಂಕುಚಿಸಿ ಅದನ್ನು ಮೇಲಕ್ಕೆ ತಳ್ಳುತ್ತವೆ. ಈ ರೋಗಿಗಳಲ್ಲಿ ಆ ಹೊಂದಾಣಿಕೆ ತಪ್ಪುತ್ತದೆ. 2020ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 429 ರೋಗಿಗಳನ್ನು ಮೇಜಿನ ಮೇಲೆ ಮಲಗಿಸಿ, ಮೇಜನ್ನು ನಿಂತ ಭಂಗಿಗೆ ತಿರುಗಿಸಿದಾಗ, ಮೆದುಳಿಗೆ ಹರಿಯುವ ರಕ್ತ ಸರಾಸರಿ ಶೇ 26ರಷ್ಟು ಕುಗ್ಗಿತು. ಆರೋಗ್ಯವಂತರಲ್ಲಿ ಕುಗ್ಗಿದ್ದು ಶೇ 7 ಮಾತ್ರ. ನಾಡಿಬಡಿತ, ರಕ್ತದೊತ್ತಡ ಸರಿಯಾಗಿದ್ದವರಲ್ಲೂ ಈ ಕೊರತೆ ಕಂಡುಬಂತು. ಮಾಮೂಲಿ ತಪಾಸಣೆಯಲ್ಲಿ ಏನೂ ಸಿಗಲಿಲ್ಲವೆಂದು ರೋಗಿಯನ್ನು ಸುಳ್ಳುಗಾರನೆನ್ನುವುದು ಸಲ್ಲದು ಎಂಬುದೇ ಇದರ ಅರ್ಥ.

1907ರಲ್ಲಿ ಆರ್ಡರ್ ಆಫ್ ಮೆರಿಟ್ ಗೌರವ ಪಡೆದ ಮೊದಲ ಮಹಿಳೆಯಾದ ನೈಟಿಂಗೇಲ್, 1910ರ ಆಗಸ್ಟ್ 13ರಂದು ತಮ್ಮ 90ನೇ ವಯಸ್ಸಿನಲ್ಲಿ ಲಂಡನ್ನಿನಲ್ಲಿ ಕೊನೆಯುಸಿರೆಳೆದರು. ಜಗತ್ತು ನೆನೆಯುವುದು ಅವರ ದೀಪವನ್ನು. ಅವರ ಹೆಚ್ಚಿನ ಕೆಲಸ ನಡೆದದ್ದು ಮಾತ್ರ ರೋಗಶಯ್ಯೆಯಲ್ಲಿ.